ಗೊಬ್ಬರವನ್ನು ಪಾಲಿಕೆಯೇ ಕೊಳ್ಳಬೇಕಾ?

ಪ್ರಶ್ನೆ (ಮೈಸೂರು): ನಮ್ಮ ಕುಂಬಾರಕೊಪ್ಪಲಿನ ಘಟಕದಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುತ್ತಾರಲ್ವಾ, ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದನ್ನು ನಗರಾಡಳಿತವೇ ಕೊಳ್ಳಬೇಕಂತೆ. ಅಷ್ಟನ್ನೂ ಎಲ್ಲಿ ಸುರಿಯುತ್ತಾರೆ?

ಉತ್ತರ 1: ಅದು ಎಸ್‌ಬಿ 1383 ಕಾನೂನು. ತಲೆಗೆ ವರ್ಷಕ್ಕೆ 0.08 ಟನ್ ಹಸಿ ಕಸದ ಲೆಕ್ಕ, ಅಷ್ಟು ಕಸದಿಂದ ಆಗುವ ಸರಕನ್ನು ನಗರಾಡಳಿತ ಕೊಳ್ಳಬೇಕು. ಲಕ್ಷ ಜನರ ಊರಿಗೆ 8,000 ಟನ್ ಕಸ, ಗೊಬ್ಬರವೇ ಆದರೆ 4,640 ಟನ್. ಬರೀ ಪಾರ್ಕಿಗೆ ಹಾಕಿದರೆ ಮುಗಿಯಲ್ಲ, ಹಾಗಾಗಿ ಜನರಿಗೆ ಪುಕ್ಕಟೆ ಹಂಚಿದ್ದು, ಗಿಡದ ಬುಡಕ್ಕೆ ಹಾಸುವ ಮರದ ಚೂರು, ಕಸದ ಗ್ಯಾಸಿನಲ್ಲಿ ಓಡುವ ಲಾರಿ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಗುತ್ತಿಗೆದಾರರ ಕೈಲಿ ಕೊಳ್ಳಿಸಿದರೂ ನಡೆಯುತ್ತದೆ.

ಉತ್ತರ 2 (ಮಂಡ್ಯ): ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮದಲ್ಲೂ ಪಾಲಿಕೆ ಪಾರ್ಕಿಗೆ ಕಾಂಪೋಸ್ಟೇ ಹಾಕಬೇಕು ಅಂತಿತ್ತು, ತಲೆಗೆ ಇಷ್ಟು ಅಂತ ಮಾತ್ರ ಇರಲಿಲ್ಲ. ಕಬ್ಬಿನ ಗದ್ದೆಗೆ ಬೇಕಾದಷ್ಟು ಹಿಡಿಯುತ್ತದೆ ಸ್ವಾಮಿ, ಆದರೆ ಮೂಟೆ ಬಿಚ್ಚಿದರೆ ಗಾಜಿನ ಚೂರು, ಶಾಂಪೂ ಪೊಟ್ಟಣ ಸಿಗಬಾರದು. ಮೊದಲು ಜರಡಿ ಹಿಡಿಯಲಿ.