ಅಪ್‌ಡೇಟ್: ಮದುವೆಯಾಗದ ಸಂಗಾತಿಗೆ ಕೆನಡಾ ಸೇನೆಯ ಸೌಲಭ್ಯ

ಕೆನಡಾ ಸೇನೆಯಲ್ಲಿರುವ ನನ್ನ ಸಂಗಾತಿಯ ಸೌಲಭ್ಯಗಳು ಮದುವೆಯಾಗದೆಯೂ ನನಗೆ ಅನ್ವಯಿಸುತ್ತವೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದಗಳು. ನಮ್ಮ ಸಂಬಂಧವನ್ನು ಸೇನೆ ಮಾನ್ಯ ಮಾಡಿದೆ!

ದಂಪತಿಯಂತೆ ಕನಿಷ್ಠ 1 ವರ್ಷ ಒಟ್ಟಿಗೆ ಬಾಳಿರಬೇಕು ಎಂಬುದೇ ಮುಖ್ಯ ಷರತ್ತು. ಅಷ್ಟು ಕಾಲ ಕಳೆದ ಮಾತ್ರಕ್ಕೆ ಸೇನೆಯ ದಾಖಲೆ ತಾನಾಗಿ ಬದಲಾಗುವುದಿಲ್ಲ. ಇಬ್ಬರೂ ಪ್ರಮಾಣ ಮಾಡಿ ಸಹಿ ಹಾಕಿದ ಘೋಷಣೆಯನ್ನು ಸಂಗಾತಿಯ ಸೇನಾ ಘಟಕಕ್ಕೆ ಕೊಡಬೇಕು. ಇನ್ನು ಮುಂದೆ ವರ್ಗಾವಣೆಯಾದರೆ ಸ್ಥಳಾಂತರದ ಲೆಕ್ಕದಲ್ಲಿ ನಾನೂ ಸೇರುತ್ತೇನೆ. ಆರೋಗ್ಯ ವಿಮೆಗೂ ಅರ್ಹಳು. ಶಿವಮೊಗ್ಗದಲ್ಲಿರುವ ಅಮ್ಮನಿಗೂ ಸಮಾಧಾನವಾಯಿತು.

ನನ್ನನ್ನು ಹೆಚ್ಚು ಕಾಡಿದ್ದು ಪಿಂಚಣಿಯ ವಿಚಾರ. ಸೇನೆಯ ಸದಸ್ಯರು ತೀರಿಕೊಂಡರೆ ಉಳಿದ ಸಂಗಾತಿಗೆ ಸಾಮಾನ್ಯವಾಗಿ ಪಿಂಚಣಿಯ ಅರ್ಧದಷ್ಟು ಸಿಗುತ್ತದೆ. ಮದುವೆಯಾಗದವರಿಗೂ ಇದೇ ನಿಯಮ. ಆದರೆ ಆ ಸದಸ್ಯರಿಗೆ ವಿಚ್ಛೇದನವಾಗದ ಹಿಂದಿನ ಪತಿ ಅಥವಾ ಪತ್ನಿ ಇದ್ದರೆ, ಯಾರು ಎಷ್ಟು ವರ್ಷ ಜೊತೆಗೆ ಬಾಳಿದರು ಎಂಬುದರ ಮೇಲೆ ಆ ಮೊತ್ತವನ್ನು ಹಂಚುತ್ತಾರೆ. ಅಂಥ ಸ್ಥಿತಿಯಲ್ಲಿರುವವರು ದಯವಿಟ್ಟು ಈಗಲೇ ವಿಚಾರಿಸಿಕೊಳ್ಳಿ. ದುಃಖದ ಹೊತ್ತಿನಲ್ಲಿ ಒಟ್ಟಿಗೆ ಬಾಳಿದ್ದಕ್ಕೆ ಪುರಾವೆ ಹುಡುಕುವ ಕಷ್ಟ ಯಾರಿಗೂ ಬೇಡ; ಮನೆ ಬಾಡಿಗೆಯ ಕರಾರು, ಜಂಟಿ ಖಾತೆಯ ವಿವರಗಳನ್ನು ಜೋಪಾನವಾಗಿಡಿ.

ಪೂರಕ ಮರಣ ಪರಿಹಾರ (ಸದಸ್ಯರು ತೀರಿಕೊಂಡಾಗ ಒಮ್ಮೆಗೇ ಸಿಗುವ, ಜೀವವಿಮೆಯಂಥ ಮೊತ್ತ) ಮಾತ್ರ ಬೇರೆ: ಅದು ನಾಮನಿರ್ದೇಶಿತರಿಗೇ ಹೋಗುತ್ತದೆ. ಅಲ್ಲಿ ನನ್ನ ಸಂಗಾತಿಯ ತಾಯಿಯ ಹೆಸರಿದೆ. ಹಾಗೆಯೇ ಇರಲಿ ಎಂದು ಇಬ್ಬರೂ ನಿರ್ಧರಿಸಿದ್ದೇವೆ.