ಅಪ್‌ಡೇಟ್: ಒಣಗಿದ ಕಡ್ಡಿಯಲ್ಲೇ ಹೂ ಬಂತು!

ಇಲ್ಲಿ ಇಂಗ್ಲೆಂಡಿನಲ್ಲಿ ಕುಂಡದಲ್ಲಿ ಬೆಳೆಸುತ್ತಿರುವ ಆಲಿಯಂ ಕ್ಯಾಲಿಮಿಸ್ಕಾನ್ (ಈರುಳ್ಳಿ ಜಾತಿಯ ಹೂಗಿಡ) ಒಣಗಿ ನಿಂತಿದೆ, ಕಡ್ಡಿ ಕತ್ತರಿಸಲಾ ಅಂತ ಬೇಸಿಗೆಯಲ್ಲಿ ಕೇಳಿದ್ದೆ. "ಮುಟ್ಟಬೇಡಿ, ಮೊಗ್ಗು ಅದರಲ್ಲೇ ಇದೆ" ಅಂದಿರಿ. ನಿಮ್ಮ ಮಾತೇ ನಿಜವಾಯಿತು!

ಈ ಗಿಡದ ಮೂಲ ಗ್ರೀಸ್. ವಸಂತದಲ್ಲೇ ಹೂಕಡ್ಡಿ ಬಂದು, ಸುಡುವ ಬೇಸಿಗೆಯೆಲ್ಲ ಸತ್ತ ಹಾಗೆ ನಿಂತಿರುತ್ತದೆ. ಅಕ್ಟೋಬರ್‌ನಲ್ಲಿ ಅದೇ ಕಂದು ಕಡ್ಡಿಯ ತುದಿಯಲ್ಲಿ ಸಿಪ್ಪೆ ಬಿರಿದು ಪುಟ್ಟ ಹೂಗಳು ಅರಳಿದವು. ತೆಳು ಕಾಗದದಂಥ ಬಿಳಿ ಎಸಳು, ನಡುವೆ ಕಂದುಗೆಂಪು ಗೆರೆ. ಬಗ್ಗಿ ನೋಡಿದರೆ ಎಸಳಿನ ಮೇಲೆ ಕಡುಗೆಂಪು ಚುಕ್ಕಿಗಳೂ ಇವೆ. ಅಂದರೆ ನನ್ನದು ಕ್ರೀಟ್ ದ್ವೀಪದ ಉಪಜಾತಿ ಇರಬೇಕು, ಅಲ್ವಾ? ಎಷ್ಟು ಚಂದ ಅಂತೀರಿ!

ಮಣ್ಣಿಗೆ ದಪ್ಪ ಮರಳು, ಸಣ್ಣ ಜಲ್ಲಿ ಜಾಸ್ತಿ ಹಾಕಿದ್ದೇನೆ. ಚಳಿಗಿಂತ ಬುಡದಲ್ಲಿ ನಿಲ್ಲುವ ನೀರೇ ಇದಕ್ಕೆ ಅಪಾಯ.

ಪಕ್ಕದ ಕುಂಡದಲ್ಲಿ ಜಪಾನಿನ ಕಡೆಯ ಆಲಿಯಂ ಥನ್‌ಬರ್ಗಿಯ 'ಒಜಾವಾ' ಅನ್ನೋ ತಳಿ ಇದೆ. ಅದರ ಸ್ವಭಾವವೇ ಬೇರೆ, ಬೇಸಿಗೆಯಲ್ಲೂ ನೀರು ಬೇಕು. ನೇರಳೆಗೆಂಪು ಮೊಗ್ಗು ಈಗಷ್ಟೇ ಬಿಡುತ್ತಿದೆ. ನವೆಂಬರ್ ಪೂರ್ತಿ ಹೂವಿರುತ್ತದೆ ಅನ್ನೋ ಆಸೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.