ಅಮ್ಮನ ಲಿಥಿಯಂ ಮಾತ್ರೆ ಆರನೇ ಕ್ಲಾಸಿನ ಮಗಳ ಕೈಯಲ್ಲಿ

ಪ್ರಶ್ನೆ (ಕೊಡಗಿನ ನಾಪೋಕ್ಲು ಕಡೆಯಿಂದ):
ಪಕ್ಕದ ಮನೆಯ ತಾಯಿಗೆ ಬೈಪೋಲಾರ್, ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ. ಲಿಥಿಯಂ ಬೆಳಿಗ್ಗೆ ಒಂದು, ರಾತ್ರಿ ಒಂದು, ಮಲಗುವಾಗ ಒಲಾಂಜಪಿನ್. ಗಂಡ ಎಸ್ಟೇಟಿನಲ್ಲಿ ರೈಟರ್, ಏಳಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಮಾತ್ರೆ ಎಣಿಸಿ ಕೊಟ್ಟು, ನುಂಗಿದರಾ ಎಂದು ನೋಡುವುದು ಮಗಳು. ಇನ್ನೇನು ಮಳೆಗಾಲ. ಮನೆಯಲ್ಲಿ ಕೋವಿಯೂ ಇದೆ. ಅಕ್ಕಪಕ್ಕದವರು ಏನು ಮಾಡಬಹುದು? ಮಗುವಿಗೆ ಏನು ಹೇಳುವುದು?

ಉತ್ತರ 1:
ಎರಡು ಹೊತ್ತೂ ಅಪ್ಪ ಮನೆಯಲ್ಲೇ ಇರುತ್ತಾರಲ್ಲ! ಆರೂವರೆಗೆ ತಿಂಡಿ ಆದ ಮೇಲೆ ಒಂದು, ರಾತ್ರಿ ಒಂಬತ್ತಕ್ಕೆ ಊಟವಾದ ಮೇಲೆ ಇನ್ನೊಂದು, ಅವರೇ ಕೊಡಲಿ. ಏಳು ದಿನದ ಖಾನೆಯಿರುವ ಡಬ್ಬಿಯನ್ನು ಭಾನುವಾರ ತುಂಬಿಟ್ಟರೆ ತಪ್ಪಿದ ಡೋಸ್ ಕಣ್ಣಿಗೆ ಬೀಳುತ್ತದೆ. ತಪ್ಪಿತೆಂದು ಎರಡು ಒಟ್ಟಿಗೆ ಕೊಡಬಾರದು. ರಸ್ತೆ ಮುಚ್ಚುವ ಕಾಲಕ್ಕೆ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಬೇಕು. ಆದರೆ ಲಿಥಿಯಂ ಮಿತಿಮೀರಿದರೆ ವಿಷವೇ, ಆ ದಾಸ್ತಾನು ಬೀಗದೊಳಗಿರಲಿ.

ವಾಂತಿಭೇದಿ, ಜ್ವರ, ಊಟ-ಉಪ್ಪು ಬಿಡುವುದು, ಸೊಂಟನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್: ಇವೆಲ್ಲ ರಕ್ತದಲ್ಲಿ ಲಿಥಿಯಂ ಏರಿಸುತ್ತವೆ. ಬೆರಳು ಸಣ್ಣಗೆ ನಡುಗುವುದು ಸಾಮಾನ್ಯ. ಲೋಟದ ಕಾಫಿ ಚೆಲ್ಲುವಷ್ಟು ಕೈ ನಡುಗಿದರೆ, ನಾಲಿಗೆ ತೊದಲಿದರೆ, ನಡಿಗೆ ತೂರಾಡಿದರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಓಡಬೇಕು.

ಉತ್ತರ 2:
ಕೋವಿಯ ಮಾತು ಮೊದಲು ಆಗಬೇಕಿತ್ತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಸರಿ. ಗೋಡೆಯ ಮೊಳೆಗೆ ತೂಗುಹಾಕಿಡಲು ಅದು ಕಾರಣವಲ್ಲ. ತಾಯಿ ನೆಟ್ಟಗಿರುವಾಗಲೇ ಅವರಿಗೆ ಹೇಳಿ, ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿ ರಸೀದಿ ಪಡೆಯಿರಿ. ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಗೆ ತಂದು ಹಿಂದಿರುಗಿಸಿದರಾಯಿತು. ತೋಟಕ್ಕೆ ಹೊಡೆಯುವ ಕೀಟನಾಶಕಕ್ಕೂ ಬೀಗ ಹಾಕಿ.

ಎರಡು-ಮೂರು ರಾತ್ರಿ ನಾಲ್ಕು ಗಂಟೆಯೂ ಮಲಗದೆ, ಆಯಾಸವೂ ಇಲ್ಲದೆ ಓಡಾಡುತ್ತಿದ್ದರೆ ಉನ್ಮಾದ ಶುರುವಾಗುತ್ತಿದೆ ಎಂದೇ ತಿಳಿದು ಡಾಕ್ಟರಿಗೆ ಫೋನ್ ಮಾಡಿ. ಅದನ್ನು ಗಮನಿಸುವುದು ದೊಡ್ಡವರ ಕೆಲಸ.

ಉತ್ತರ 3:
ಮಗುವಿಗೆ ಕಾಯಿಲೆಯ ಹೆಸರನ್ನೇ ಹೇಳಿ. "ಅಮ್ಮನಿಗೆ ಹುಷಾರಿಲ್ಲ" ಎಂದಷ್ಟೇ ಅಂದರೆ ತನ್ನ ಹಠದಿಂದಲೇ ಹೀಗಾಯಿತೆಂದು ಅದು ಲೆಕ್ಕ ಹಾಕುತ್ತದೆ. "ಇದು ಮೆದುಳಿನ ಕಾಯಿಲೆ, ನಿನ್ನಿಂದ ಬಂದಿದ್ದಲ್ಲ, ನೀನು ಜಾಣೆಯಾಗಿದ್ದರೆ ವಾಸಿಯಾಗುವುದೂ ಅಲ್ಲ." ನನಗೂ ಬರುತ್ತಾ ಎಂದು ಕೇಳಿದರೆ, ಇಂಥ ನೂರು ಮಕ್ಕಳಲ್ಲಿ ಸುಮಾರು ತೊಂಬತ್ತು ಮಂದಿಗೆ ಬರುವುದಿಲ್ಲ ಎನ್ನಿ. ಹರಕೆ ಹೊರುವವರು ಹೊರಲಿ, ಮಾತ್ರೆ ಮಾತ್ರ ನಿಲ್ಲಬಾರದು.

ಮಳೆಗೆ ನೆಟ್‌ವರ್ಕ್ ಹೋಗುತ್ತದೆ. ಹಾಗಾಗಿ ನಡೆದು ಹೋಗಬಹುದಾದ ಎರಡು ಮನೆ ಗೊತ್ತುಮಾಡಿ, ರಾತ್ರಿ ಬಾಗಿಲು ತಟ್ಟಿದರೂ ತೆಗೆಯುವಂಥವು. ಒಂದು ಚೀಟಿಯಲ್ಲಿ ಚಿಕ್ಕಮ್ಮನ ನಂಬರ್, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಬರೆದುಕೊಡಿ. ದೊಡ್ಡವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ ಕೇಳಿದವರು:
ಸೋಮವಾರ ಮಡಿಕೇರಿಯಲ್ಲಿ ಲಿಥಿಯಂ ರಕ್ತಪರೀಕ್ಷೆ. ಬೆಳಗಿನ ಮಾತ್ರೆ?

ಉತ್ತರ 1:
ಕೊಟ್ಟು ಕಳಿಸಬೇಡಿ. ರಾತ್ರಿ ಒಂಬತ್ತರ ಮಾತ್ರೆಯಿಂದ ಹನ್ನೆರಡು ಗಂಟೆಗೆ, ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಡಬೇಕು. ಮೊದಲೇ ನುಂಗಿದರೆ ಅಂಕಿ ಸುಳ್ಳೇ ಏರಿ, ಡೋಸ್ ಇಳಿಸಿಬಿಡುತ್ತಾರೆ. ಮಾತ್ರೆ ಚೀಲದಲ್ಲಿರಲಿ, ರಕ್ತ ಕೊಟ್ಟು ತಿಂಡಿ ತಿಂದ ಮೇಲೆ ನುಂಗಲಿ.